ಮೂವತ್ತು ಜೀವ ಕೊಟ್ಟ ಆಟ ಒಂದು ಮಾತು ಕನ್ನಡ ಕೊಡಲಿಲ್ಲ

(ಕೊಳ್ಳೇಗಾಲದಲ್ಲಿ ಯುವಜನರ ಮುಂದೆ ಆಡಿದ ಮಾತುಗಳ ಬರಹರೂಪ)



ಕನ್ನಡದ ವೇದಿಕೆ ಎಂದರೆ ಗಡಿ, ನೀರು, ಉದ್ಯೋಗ, ಶಾಲೆ ಇವುಗಳ ಬಗ್ಗೆ ಮಾತಾಡುವುದು ವಾಡಿಕೆ. ನಾನು ವಿಡಿಯೋ ಗೇಮ್ ಬಗ್ಗೆ ಮಾತಾಡುತ್ತೇನೆ ಎಂದಾಗ ಹಿರಿಯರೊಬ್ಬರು, "ಹುಡುಗಾಟಕ್ಕೂ ಒಂದು ಮಿತಿ ಬೇಡವೇನಪ್ಪಾ?" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಒಂದು ಪ್ರಶ್ನೆ ಕೇಳುತ್ತೇನೆ. ನಮ್ಮ ನಾಡಿನ ಹತ್ತು ವರ್ಷದ ಮಗು ಇವತ್ತು ಯಾರ ಬಲವಂತವೂ ಇಲ್ಲದೆ, ಊಟ ನಿದ್ದೆ ಮರೆತು, ಕಣ್ಣು ನೆಟ್ಟು ಕೂರುವುದು ಯಾವುದರ ಮುಂದೆ? ಪಠ್ಯಪುಸ್ತಕದ ಮುಂದೆ ಅಲ್ಲ, ಟಿ.ವಿ. ಮುಂದೆಯೂ ಅಲ್ಲ. ಮೊಬೈಲಿನ ಆಟದ ಮುಂದೆ. ಆ ಮಗು ಮನಸಾರೆ ಇರುವ ಆ ಜಾಗದಲ್ಲಿ ಕನ್ನಡ ಇದೆಯೇ? ಇದು ಹುಡುಗಾಟದ ಪ್ರಶ್ನೆಯಲ್ಲ ಸ್ವಾಮಿ.

ಒಂದು ರೂಪಾಯಿ ಕಾಯಿನ್ನಿನ ಕಾಲ

ನಾನು ಆಟದ ಹುಚ್ಚ. 1990ರ ದಶಕದಲ್ಲಿ ಇದೇ ಕೊಳ್ಳೇಗಾಲದಲ್ಲಿ ಒಂದು ರೂಪಾಯಿ ಕಾಯಿನ್ ಹಿಡಿದು, ಪರದೆ ಇಳಿಬಿಟ್ಟ ಕತ್ತಲೆ ಅಂಗಡಿಯೊಳಗೆ ನುಗ್ಗುತ್ತಿದ್ದ ಹುಡುಗರಲ್ಲಿ ನಾನೂ ಒಬ್ಬ. ಅಲ್ಲಿ ನಮ್ಮ ದೇವರು 'ಮುಸ್ತಫಾ'. ಆ ಆಟದ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್'. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಮಾಡಿದ್ದು. ಅದರಲ್ಲಿ ನಾಲ್ಕು ಪಾತ್ರಗಳಿದ್ದವು, ಒಬ್ಬನ ಹೆಸರು ಮುಸ್ತಫಾ ಕೈರೋ. ಆ ಉದ್ದನೆಯ ಇಂಗ್ಲಿಷ್ ಹೆಸರು ಯಾರಿಗೆ ಬೇಕಿತ್ತು? ಇಡೀ ಆಟಕ್ಕೇ ಅವನ ಹೆಸರಿಟ್ಟುಬಿಟ್ಟೆವು.

ಮಾತೂ ನಮ್ಮದೇ. "ಇನ್ನೊಂದೇ ಜೀವ ಅದೆ, ಹಿಂದಕ್ ಬಾರ್ಲಾ." "ದೊಡ್ಡೋನು ಬಂದ ಕಲಾ, ಹುಷಾರು." ಕೊನೆಯಲ್ಲಿ ಬರುವ ರಾಕ್ಷಸನನ್ನು ಇಂಗ್ಲಿಷಿನಲ್ಲಿ ಬಾಸ್ ಅಂತಾರೆ ಎಂದು ನಮಗೆ ಗೊತ್ತಾಗುವ ಹೊತ್ತಿಗೆ 'ದೊಡ್ಡೋನು' ನಮ್ಮೂರಲ್ಲಿ ಚಲಾವಣೆಗೆ ಬಂದಾಗಿತ್ತು.

ಕೋನಾಮಿ ಕಂಪನಿಯ 'ಕಾಂಟ್ರಾ' ಆಟದ ಗುಟ್ಟು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಶುರುವಾಗುವ ಮುಂಚೆ ಸರಿಯಾದ ಕ್ರಮದಲ್ಲಿ ಬಟನ್ ಒತ್ತಿದರೆ ಮೂವತ್ತು ಜೀವ. ಅದನ್ನು ನಾವು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆವು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಯಾವ ಮೇಷ್ಟ್ರೂ ಕಲಿಸದೆ, ಯಾವ ಅಕಾಡೆಮಿಯೂ ಅನುದಾನ ಕೊಡದೆ ನಮ್ಮೂರ ಹುಡುಗರು ಮಾಡಿಕೊಂಡ ಕನ್ನಡ ಅನುವಾದ ಅದು.

ಆಗ ಹನೂರು ಕೊಳ್ಳೇಗಾಲ ತಾಲ್ಲೂಕಿನೊಳಗೇ ಇತ್ತು. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ವೀರಪ್ಪನ್ ತಂಡ ದಾಳಿ ಮಾಡಿ ಪೊಲೀಸರನ್ನು ಕೊಂದಿತು. ಕತ್ತಲಾದ ಮೇಲೆ ಆ ಕಡೆ ಹೋಗಲು ಜನ ಹೆದರುತ್ತಿದ್ದ ವರ್ಷಗಳು. ಆ ಕಡೆಯ ಹುಡುಗರು ನಮ್ಮ ಪಕ್ಕ ನಿಂತು ಕಾಂಟ್ರಾದಲ್ಲಿ ಗುಂಡು ಹಾರಿಸುತ್ತಿದ್ದರು. ಆಟದಲ್ಲಿ ಮೂವತ್ತು ಜೀವ, ಊರಿನಲ್ಲಿ ಒಂದೇ ಜೀವ. ಆಟ ಹುಡುಗರಿಗೆ ಗುಂಡು ಹೊಡೆಯುವುದನ್ನು ಕಲಿಸುತ್ತದೆ ಎನ್ನುವವರಿಗೆ ನನ್ನ ಉತ್ತರ ಇಷ್ಟೇ. ಆ ಹುಡುಗರಿಗೆ ಗುಂಡಿನ ಭಯ ಆಟಕ್ಕೆ ಮುಂಚೆಯೇ ಗೊತ್ತಿತ್ತು. ಆಟ ಅವರಿಗೆ ಕೊಟ್ಟದ್ದು ಸ್ವಲ್ಪ ಹೊತ್ತಿನ ಧೈರ್ಯ.

ಎಲ್ಲವೂ ಇತ್ತು. ಆದರೆ ಪರದೆಯ ಮೇಲೆ ಬರುವ ಅಕ್ಷರ ಒಂದೂ ನಮ್ಮದಾಗಿರಲಿಲ್ಲ. ಕಥೆ ಏನು, ಆ ಹುಡುಗಿ ಯಾರು, ಇವನು ಯಾಕೆ ಹೊಡೆದಾಡುತ್ತಿದ್ದಾನೆ, ಯಾರಿಗೂ ತಿಳಿಯದು. 'ಗೇಮ್ ಓವರ್' ಎಂಬ ಎರಡು ಪದ ಮಾತ್ರ ಎಲ್ಲರಿಗೂ ತಿಳಿಯುತ್ತಿತ್ತು. ಮೂವತ್ತು ಜೀವ ಕೊಟ್ಟ ಆಟ ನಮಗೆ ಒಂದು ಮಾತು ಕನ್ನಡ ಕೊಡಲಿಲ್ಲ.

ಆಗ ಕಚೇರಿ ಅವರದು, ಹಾಡು ನಮ್ಮದು

ಈ ಊರಿನ ಚರಿತ್ರೆ ನೆನಪಿಸುತ್ತೇನೆ. ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ರಂದು. ಅಲ್ಲಿಯವರೆಗೆ ಆಡಳಿತ ಮದರಾಸಿನದು, ಅಧಿಕಾರ ಕೊಯಮತ್ತೂರಿನದು. ಹಾಗಿದ್ದೂ ಕನ್ನಡ ಇಲ್ಲಿ ಯಾಕೆ ಸಾಯಲಿಲ್ಲ? ಕಂಸಾಳೆ ಹಿಡಿದ ದೇವರಗುಡ್ಡರು ರಾತ್ರಿಯಿಡೀ ಮಾದಪ್ಪನ ಕಥೆಯನ್ನು ಕನ್ನಡದಲ್ಲೇ ಹಾಡುತ್ತಿದ್ದರು. ನೀಲಗಾರರು ಮಂಟೇಸ್ವಾಮಿಯ ಕಥೆಯನ್ನು ಕನ್ನಡದಲ್ಲೇ ಹಾಡುತ್ತಿದ್ದರು. ಜಗಲಿಯ ಮೇಲೆ ಅಳಗುಳಿ ಮಣೆ, ಚೌಕಾಬಾರ, ಹುಲಿಕಟ್ಟು, ಎಲ್ಲವೂ ಕನ್ನಡದಲ್ಲಿ ನಡೆಯುತ್ತಿದ್ದವು. ಕಚೇರಿಯ ಕಾಗದ ಕೈಬಿಟ್ಟಾಗ ಹಾಡು ಮತ್ತು ಆಟ ಭಾಷೆಯನ್ನು ಹಿಡಿದುಕೊಂಡವು.

ಈಗ ಲೆಕ್ಕ ತಿರುಗುಮುರುಗಾಗಿದೆ. ಕಚೇರಿ ನಮ್ಮದು, ಬೋರ್ಡು ನಮ್ಮದು, ಬಾವುಟ ನಮ್ಮದು. ಮಗುವಿನ ಆಟ ಮಾತ್ರ ಬೇರೆಯವರದು. ಯಾವುದು ಹೆಚ್ಚು ಅಪಾಯ, ನೀವೇ ಹೇಳಿ.

ಮಾರುಕಟ್ಟೆ ಇಲ್ಲ ಎಂಬ ಸುಳ್ಳು

ಕನ್ನಡದಲ್ಲಿ ಗೇಮ್ ಯಾಕಿಲ್ಲ ಎಂದರೆ ಸಿದ್ಧ ಉತ್ತರ: "ಮಾರುಕಟ್ಟೆ ಇಲ್ಲ ಸಾರ್." ಭಾರತದ ಭಾಷೆ ಬೇಕೆಂದರೆ ಹಿಂದಿ ಹಾಕಿ ಕೈ ತೊಳೆದುಕೊಳ್ಳುವ ಕಂಪನಿಗಳೂ ಇವೆ. ನನಗೆ ಹಿಂದಿಯ ಮೇಲೆ ದ್ವೇಷವಿಲ್ಲ. ಹನೂರಿನ ಹುಡುಗನಿಗೆ ಅದು ಇನ್ನೊಂದು ಇಂಗ್ಲಿಷ್, ಅಷ್ಟೇ.

2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು ಸುಮಾರು 4.37 ಕೋಟಿ. ಪೋಲೆಂಡ್ ದೇಶದ ಇಡೀ ಜನಸಂಖ್ಯೆ ಇದಕ್ಕಿಂತ ಕಡಿಮೆ. ಆ ಪೋಲೆಂಡಿನ ಕಥೆ ಕೇಳಿ. 1994ರಲ್ಲಿ ಅಲ್ಲಿ ಸಿಡಿ ಪ್ರಾಜೆಕ್ಟ್ ಎಂಬ ಸಣ್ಣ ಕಂಪನಿ ಶುರುವಾಯಿತು. ಕಳ್ಳ ಸಿ.ಡಿ.ಗಳೇ ತುಂಬಿದ್ದ ಮಾರುಕಟ್ಟೆ. ಅವರು 1999ರಲ್ಲಿ 'ಬಾಲ್ಡರ್ಸ್ ಗೇಟ್' ಎಂಬ ಪರದೇಶದ ಆಟವನ್ನು ಪೂರ್ತಿಯಾಗಿ ಪೋಲಿಷ್ ಭಾಷೆಗೆ ತಂದರು, ತಮ್ಮ ದೇಶದ ಹೆಸರಾಂತ ನಟರಿಂದ ಮಾತಾಡಿಸಿದರು. ಮೊದಲ ದಿನವೇ 18 ಸಾವಿರ ಪ್ರತಿ ಹೋಯಿತು. ಕಳ್ಳ ಸಿ.ಡಿ. ಕೊಳ್ಳುತ್ತಿದ್ದ ಜನ ತಮ್ಮ ಭಾಷೆಗೆ ದುಡ್ಡು ಕೊಟ್ಟರು. ಆ ಬಲದ ಮೇಲೆ ಕಂಪನಿ 2007ರಲ್ಲಿ ತಮ್ಮದೇ ಲೇಖಕ ಆಂದ್ರೇ ಸಪ್ಕೋವ್‌ಸ್ಕಿಯ ಕಥೆ ಹಿಡಿದು 'ದಿ ವಿಚರ್' ಮಾಡಿತು. 2015ರ ಅದರ ಮೂರನೆಯ ಭಾಗವನ್ನು ಜಗತ್ತೆಲ್ಲ ಆಡಿತು. ಕ್ರಮ ಗಮನಿಸಿ: ಮೊದಲು ಅನುವಾದ, ಆಮೇಲೆ ಸ್ವಂತದ್ದು.

"ಅದು ಯುರೋಪು" ಎನ್ನುತ್ತೀರಾ? ಅಲಾಸ್ಕಾಕ್ಕೆ ಬನ್ನಿ. ಇನುಪಿಯಾಕ್ ಎಂಬ ಅಲ್ಲಿಯ ಮೂಲನಿವಾಸಿಗಳ ಭಾಷೆಯನ್ನು ಆಡುವವರು ಕೆಲವೇ ಸಾವಿರ. 2014ರಲ್ಲಿ ಆ ಜನರ ಕಥೆಗಾರರು, ಹಿರಿಯರು ಜೊತೆ ಕೂತು 'ನೆವರ್ ಅಲೋನ್' ಎಂಬ ಆಟ ಮಾಡಿಸಿದರು. ಒಬ್ಬಳು ಹುಡುಗಿ, ಒಂದು ನರಿ, ನಿಲ್ಲದ ಹಿಮಗಾಳಿ. ಕಥೆ ಹೇಳುವ ದನಿ ಅವರ ಭಾಷೆಯಲ್ಲೇ ಇದೆ. ಜಗತ್ತಿನ ಬೇರೆಯವರು ಕೆಳಗಿನ ಅಕ್ಷರ ಓದಿಕೊಂಡು ಆಡುತ್ತಾರೆ. ಕೆಲವು ಸಾವಿರ ಜನರ ಭಾಷೆಗೆ ಇರುವ ಸ್ವಾಭಿಮಾನ ನಾಲ್ಕು ಕೋಟಿಯ ಭಾಷೆಗೆ ಬೇಡವೇ?

ಒತ್ತಕ್ಷರದ ತೊಡಕು, ಡಬ್ಬಿಂಗ್ ಎಂಬ ಗುಮ್ಮ

ಒಂದು ನಿಜವಾದ ತೊಡಕು ಇತ್ತು. ಆಟ ತಯಾರಿಸುವ ಬಹಳಷ್ಟು ತಂತ್ರಾಂಶಗಳಿಗೆ ನಮ್ಮ ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ. ಕನ್ನಡ ಯೂನಿಕೋಡ್‌ಗೆ ಸೇರಿದ್ದು 1991ರಲ್ಲೇ. ಆದರೆ ಅಕ್ಷರಕ್ಕೆ ಸಂಖ್ಯೆ ಸಿಕ್ಕರೆ ಸಾಲದು, ಅದನ್ನು ಜೋಡಿಸುವ ಜಾಣ್ಮೆ ತಂತ್ರಾಂಶಕ್ಕೆ ಇರಬೇಕು. ಇಲ್ಲದಿದ್ದರೆ 'ಕೊಳ್ಳೇಗಾಲ' ಎಂಬುದು 'ಕೊಳ್‌ಳೇಗಾಲ' ಆಗಿ ಒಡೆದು ಕೂರುತ್ತದೆ. ನಮ್ಮ ಊರಿನ ಹೆಸರನ್ನೇ ನೆಟ್ಟಗೆ ಬರೆಯದ ಯಂತ್ರದಲ್ಲಿ ನಮ್ಮ ಕಥೆ ಹೇಗೆ ಹೇಳುವುದು?

ಆ ನೆಪವೂ ಈಗ ಉಳಿದಿಲ್ಲ. ಗೋಡೋ ಎಂಬ ಉಚಿತ, ಮುಕ್ತ ತಂತ್ರಾಂಶದ ನಾಲ್ಕನೆಯ ಆವೃತ್ತಿ 2023ರಲ್ಲಿ ಬಂತು. ಕನ್ನಡದಂಥ ಲಿಪಿಗಳನ್ನು ಅದು ಜೋಡಿಸಬಲ್ಲದು. ಸಾಧಾರಣ ಕಂಪ್ಯೂಟರ್ ಇರುವ ಹುಡುಗಿ ಯಳಂದೂರಿನಲ್ಲಿ ಕೂತು, ಒಂದು ಪೈಸೆ ಪರವಾನಗಿ ಶುಲ್ಕ ಕೊಡದೆ ಕನ್ನಡದ ಆಟ ಮಾಡಬಹುದು. 'ಮೈನ್‌ಕ್ರಾಫ್ಟ್' ಆಟದ ಕಂಪ್ಯೂಟರ್ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಗೊತ್ತೇ? ಅದನ್ನು ತಂದವರು ಸಂಬಳದ ನೌಕರರಲ್ಲ, ಕನ್ನಡದ ಸ್ವಯಂಸೇವಕರು. ನಿಮ್ಮಲ್ಲಿ ಎಷ್ಟು ಜನ ಆ ಪಟ್ಟಿ ತೆರೆದು ಕನ್ನಡ ಆರಿಸಿಕೊಂಡು ಆಡಿದ್ದೀರಿ? ಕೈ ಎತ್ತಿ ನೋಡೋಣ.

ಇನ್ನು ಡಬ್ಬಿಂಗ್. ಈ ಪದ ಕೇಳಿದರೆ ಕನ್ನಡ ಹೋರಾಟಗಾರರ ಮೈ ಉರಿಯುತ್ತದೆ. 1960ರ ದಶಕದಲ್ಲಿ ಡಬ್ಬಿಂಗ್ ವಿರುದ್ಧ ಎದ್ದ ದನಿಗೆ ಅರ್ಥವಿತ್ತು. ಆಗ ಕನ್ನಡ ಚಿತ್ರೋದ್ಯಮ ಎಳೆಯ ಸಸಿ, ನೂರಾರು ಕಲಾವಿದರ, ಕಾರ್ಮಿಕರ ಹೊಟ್ಟೆಪಾಡಿನ ಪ್ರಶ್ನೆ. 2015ರಲ್ಲಿ ಸ್ಪರ್ಧಾ ಆಯೋಗ ಚಿತ್ರೋದ್ಯಮದ ಸಂಘಗಳಿಗೆ ದಂಡ ಹಾಕಿದ ಮೇಲೆ ಆ ಗೋಡೆ ಬಿತ್ತು. ಅದು ಸರಿಯೋ ತಪ್ಪೋ, ಸಿನಿಮಾದವರು ವಾದಿಸಿಕೊಳ್ಳಲಿ. ಗೇಮ್ ವಿಷಯದಲ್ಲಿ ಆ ವಾದ ನಿಲ್ಲುವುದಿಲ್ಲ. ಇಲ್ಲಿ ಡಬ್ಬಿಂಗ್ ಬಂದರೆ ಕೆಲಸ ಕಳೆದುಕೊಳ್ಳುವ ಕನ್ನಡಿಗನಿಲ್ಲ. ಬದಲಿಗೆ ಅನುವಾದಕನಿಗೆ, ಕಂಠದಾನ ಕಲಾವಿದನಿಗೆ, ನಾಟಕದ ಹುಡುಗರಿಗೆ ಕೆಲಸ ಹುಟ್ಟುತ್ತದೆ. ಕನ್ನಡಕ್ಕೆ ಬಾರದ ಆಟವನ್ನು ನಮ್ಮ ಮಕ್ಕಳು ಆಡದೆ ಬಿಡುತ್ತಾರೆಯೇ? ಇಂಗ್ಲಿಷಿನಲ್ಲಿ ಆಡುತ್ತಾರೆ, ಹಿಂದಿಯಲ್ಲಿ ಆಡುತ್ತಾರೆ. ನಾವು ಬಾಗಿಲು ಹಾಕಿಕೊಂಡು ಕೂತಿರುತ್ತೇವೆ.

ತಲೆಯ ಮೇಲೆ ಹಾದುಹೋದ ಕರೆಂಟು

ನಮ್ಮ ಪಕ್ಕದಲ್ಲೇ ಶಿವನಸಮುದ್ರ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಹಳ್ಳಿಗಳ ತಲೆಯ ಮೇಲೆ ಹಾದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಅದೇ ಶಿವನಸಮುದ್ರದ ಮಗ್ಗುಲಲ್ಲಿ ಕೂತ ನಾವು ದೊಡ್ಡೋನಿಗೆ ಕೊನೆಯ ಏಟು ಹೊಡೆಯುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ರೂಪಾಯಿಯೂ ಹೋಯಿತು, ಆಟವೂ ಹೋಯಿತು.

ಬೆಂಗಳೂರಿನ ಗೇಮ್ ಉದ್ಯಮ ನೋಡಿದಾಗಲೆಲ್ಲ ನನಗೆ ಆ ತಂತಿ ನೆನಪಾಗುತ್ತದೆ. ನಮ್ಮ ಚಾಮರಾಜನಗರ ಜಿಲ್ಲೆ ಹುಟ್ಟಿದ 1997ರಲ್ಲೇ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಹುಟ್ಟಿತು. ದೇಶದ ಮೊದಮೊದಲ ಗೇಮ್ ಕಂಪನಿ. 'ಫೋರ್ಜಾ'ದಂಥ ವಿದೇಶಿ ಆಟಗಳಿಗೆ ಚಿತ್ರಕಲೆ ಮಾಡಿಕೊಟ್ಟಿತು. 2019ರಲ್ಲಿ ಅದನ್ನು 'ಜಿ.ಟಿ.ಎ.' ಖ್ಯಾತಿಯ ರಾಕ್‌ಸ್ಟಾರ್ ಬಳಗ ಕೊಂಡುಕೊಂಡಿತು. ಅದರಲ್ಲಿ ದುಡಿದವರ ಕೈಚಳಕಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಈ ಬೆಳಕೆಲ್ಲ ತಂತಿಯ ಮೇಲೆ ದೂರ ಹೋಗುತ್ತಿದೆ. ಅನಿಮೇಷನ್, ಗೇಮಿಂಗ್‌ಗೆಂದೇ 2012ರಲ್ಲಿ ದೇಶದಲ್ಲೇ ಮೊದಲು ನೀತಿ ತಂದ ರಾಜ್ಯ ನಮ್ಮದು. 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ನನ್ನ ಒತ್ತಾಯ ಸರಳವಾದದ್ದು: ಸರ್ಕಾರದ ನೆರವು ಪಡೆದು ತಯಾರಾಗುವ ಪ್ರತಿ ಆಟದಲ್ಲೂ ಕನ್ನಡ ಇರಲೇಬೇಕು. ನಮ್ಮ ತೆರಿಗೆ, ನಮ್ಮ ಮಾತು.

ಎಪ್ಪತ್ತೇಳು ಮಲೆ, ಎಷ್ಟೊಂದು ಸಾಲು!

ಕಥೆ ಎಲ್ಲಿದೆ ಎಂದು ಕೇಳುವವರು ಹನೂರಿನ ದಾರಿ ಹಿಡಿಯಲಿ. ಮಾದಪ್ಪನ ಕಾವ್ಯ ಒಂದೇ ಓಟದ ಕಥೆಯಲ್ಲ, ಸಾಲು ಸಾಲಾಗಿದೆ. ಶ್ರವಣದೊರೆಯ ಸಾಲು, ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು. ಇಂಗ್ಲಿಷಿನವರು ಲೆವೆಲ್ ಎನ್ನುವುದನ್ನು ನಮ್ಮವರು ಸಾಲು ಎಂದು ಯಾವಾಗಲೋ ಹಾಡಿದ್ದಾರೆ. ಹುಲಿಯನ್ನೇರಿ ಎಪ್ಪತ್ತೇಳು ಮಲೆ ಸುತ್ತುವ ನಾಯಕ, ಅಹಂಕಾರಿ ಶ್ರವಣನಿಂದ ಪಾದರಕ್ಷೆ ಹೊಲಿಸುವ ಉಪಾಯ, ಗಂಡನ ಸಂಶಯಕ್ಕೆ ಸಿಕ್ಕಿ ನರಳುವ ಸಂಕಮ್ಮ. ಇದಕ್ಕಿಂತ ದೊಡ್ಡ ಆಟದ ಕಥೆ ಬೇಕೇ? ಯಳಂದೂರಿನ ಬಿಳಿಗಿರಿಯಲ್ಲಿ ಸೋಲಿಗರು ರಂಗನಾಥನನ್ನೇ ಭಾವ ಎಂದು ಕರೆಯುತ್ತಾರೆ, ತಮ್ಮ ಕುಸುಮಾಲೆಯನ್ನು ಮದುವೆಯಾದವನು ಎಂದು. ಆಟವನ್ನು ಹಗುರವಾಗಿ ಕಾಣುವ ಹಿರಿಯರಿಗೆ ಒಂದು ಮಾತು: ಪೂರ್ಣಯ್ಯನವರಿಗೆ ಇದೇ ಯಳಂದೂರನ್ನು ಜಹಗೀರಾಗಿ ಕೊಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟಗಳನ್ನು ರಚಿಸಿದವರು. ಅವರ 'ಶ್ರೀತತ್ತ್ವನಿಧಿ'ಯಲ್ಲಿ ಆಟಗಳಿಗೆಂದೇ 'ಕೌತುಕನಿಧಿ' ಇದೆ. ಅರಸನಿಗೆ ಹುಡುಗಾಟವಾಗದ ವಿಷಯ ನಮಗೇಕೆ ಹುಡುಗಾಟ?

ಆದರೆ ಎಚ್ಚರಿಕೆ. ಹಾಡುವವರ ಕಥೆಯನ್ನು ಕದ್ದು ಆಟ ಮಾಡಿ ದುಡ್ಡು ಮಾಡುವುದು ಕನ್ನಡಸೇವೆಯಲ್ಲ. ಅಲಾಸ್ಕಾದವರು ಮಾಡಿದ ಹಾಗೆ ಕಥೆಯ ವಾರಸುದಾರರು ಜೊತೆಗೆ ಕೂರಬೇಕು. ದೇವರಗುಡ್ಡರ, ಸೋಲಿಗರ ಒಪ್ಪಿಗೆ ಬೇಕು, ಹೆಸರು ಬರಬೇಕು, ಪಾಲು ಸಿಗಬೇಕು. ಇನ್ನೊಂದು ಎಚ್ಚರಿಕೆ: ಆಟ ಬೇರೆ, ಜೂಜು ಬೇರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿತು. ಹುಡುಗರ ಮನೆಮಠ ಹಾಳುಮಾಡುವ ಜೂಜು ಕನ್ನಡದಲ್ಲಿ ಬಂದರೂ ನಮಗೆ ಬೇಡ.

ಗೆಳೆಯರೇ, ಭಾಷಣ ಕೇಳಿ ಚಪ್ಪಾಳೆ ತಟ್ಟಿ ಹೋಗಬೇಡಿ. ನಿಮಗೆ ಕೆಲಸ ಹಚ್ಚುತ್ತೇನೆ. ಒಂದು, ಕನ್ನಡ ಇರುವ ಆಟವನ್ನು ಇವತ್ತು ರಾತ್ರಿಯೇ ಕನ್ನಡದಲ್ಲಿ ಆಡಿ. ಅನುವಾದ ಕೆಟ್ಟದಾಗಿದ್ದರೆ ಬೈಯುವ ಬದಲು ಕೂತು ತಿದ್ದಿ. ಎರಡು, ಆಟದ ನೇರಪ್ರಸಾರ ಮಾಡುವವರು ಕನ್ನಡದಲ್ಲೇ ಮಾತಾಡಿ. ಈಗಾಗಲೇ ಹಾಗೆ ಮಾಡುತ್ತಿರುವ ಹುಡುಗರನ್ನು ನೋಡಿ, ಬೆಂಬಲಿಸಿ. ಮೂರು, ನಿಮ್ಮ ಇಷ್ಟದ ಆಟದ ಕಂಪನಿಗೆ ಕನ್ನಡ ಬೇಕೆಂದು ಬರೆಯಿರಿ. ಒಬ್ಬರು ಬರೆದರೆ ಕಸದ ಬುಟ್ಟಿಗೆ ಹೋಗುತ್ತದೆ, ಹತ್ತು ಸಾವಿರ ಜನ ಬರೆದರೆ ಅವರ ಲೆಕ್ಕದ ಪುಸ್ತಕಕ್ಕೆ ಹೋಗುತ್ತದೆ. ನಾಲ್ಕು, ಕಂಪ್ಯೂಟರ್ ಬಲ್ಲವರು ನಾಲ್ಕು ಜನ ಸೇರಿ ಒಂದು ಸಣ್ಣ ಆಟ ಮಾಡಿ. ಹುಲಿಕಟ್ಟಿನಿಂದಲೇ ಶುರುವಾಗಲಿ. ಚಿಕ್ಕದಾದರೂ ಸರಿ, ಒತ್ತಕ್ಷರ ನೆಟ್ಟಗಿರಲಿ.

ಮೈಸೂರಿನಿಂದ ಬಂದವರ ಕೊನೆಯ ಬಸ್ಸಿಗೆ ಇನ್ನು ಅರ್ಧ ಗಂಟೆ ಇದೆ. ಈ ನಾಲ್ಕರಲ್ಲಿ ಯಾವುದನ್ನು ಮಾಡುತ್ತೀರಿ ಎಂದು ಅಲ್ಲಿಯ ಮೇಜಿನ ಮೇಲಿರುವ ಹಾಳೆಯಲ್ಲಿ ಹೆಸರು ಬರೆದು ಹೋಗಿ. ಸಿರಿಗನ್ನಡಂ ಗೆಲ್ಗೆ.