ಕಂಪನಿ ಹೋಯಿತು, ಕಾರು ಉಳಿಯಿತು: ಹೊಣೆ ಯಾರದ್ದು?

ನಿಮ್ಮ ಕಾರಿನ ಕೀ ಗೊಂಚಲನ್ನ ಒಮ್ಮೆ ಕೈಗೆ ತಗೊಳ್ಳಿ. ಅದರಲ್ಲಿ ಏನೇನಿದೆ? ಮನೆ ಬಾಗಿಲಿನ ಕೀ, ಬೀರು ಕೀ, ಗೇಟಿನ ಬೀಗದ ಕೀ, ಜೊತೆಗೆ ಧರ್ಮಸ್ಥಳದಿಂದಲೋ ತಿರುಪತಿಯಿಂದಲೋ ತಂದ ದೇವರ ಪದಕ. ಎಲ್ಲ ಸೇರಿ ಎಷ್ಟು ಭಾರ ಇದ್ದೀತು? ಹೆಚ್ಚೆಂದರೆ ಒಂದು ಹಿಡಿ. ಆ ಹಿಡಿಯಷ್ಟು ಭಾರಕ್ಕೆ, ಹೆದ್ದಾರಿಯಲ್ಲಿ ಓಡುತ್ತಿರುವ ಕಾರಿನ ಎಂಜಿನ್ ತಾನಾಗೇ ಆಫ್ ಆಗುತ್ತೆ, ಸ್ಟೀರಿಂಗ್ ಬಿಗಿಯಾಗುತ್ತೆ, ಡಿಕ್ಕಿ ಆದರೆ ಏರ್‌ಬ್ಯಾಗ್ ತೆರೆಯೋದೇ ಇಲ್ಲ ಅಂದರೆ ನಂಬ್ತೀರಾ?

ನಂಬಲೇಬೇಕು. ಅಮೆರಿಕದಲ್ಲಿ ಹಾಗೇ ಆಗಿದೆ. ಜನ ಸತ್ತಿದ್ದಾರೆ. ಆ ಕಾರುಗಳಲ್ಲಿ ಒಂದರ ವಿಷಯ ಇನ್ನೂ ವಿಚಿತ್ರ. ದೋಷ ಹೊರಗೆ ಬಂದಾಗ, ಆ ಕಾರಿನ ಮೇಲಿದ್ದ ಹೆಸರು ಮಾರುಕಟ್ಟೆಯಿಂದಲೇ ಅಳಿಸಿಹೋಗಿ ಮೂರು ವರ್ಷ ದಾಟಿತ್ತು.

ಆ ಹೆಸರು ಸ್ಯಾಟರ್ನ್. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದ್ರೆ ಶನಿ! ನಮ್ಮಲ್ಲಿ ಯಾರಾದರೂ ಕಾರಿಗೆ ಶನಿ ಅಂತ ಹೆಸರಿಡ್ತಾರಾ? ಹೊಸ ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಇಡೋ ಜನ ನಾವು. ಅವರು ಚಂದ್ರನ ಕಡೆ ಹಾರಿದ ಸ್ಯಾಟರ್ನ್ ರಾಕೆಟ್ ನೆನೆದು ಆ ಹೆಸರಿಟ್ಟರು.

ಇವತ್ತು ಯಾಕೆ ಈ ವಿಷಯ ಅಂತೀರಾ? 2021ರ ಸೆಪ್ಟೆಂಬರ್ 9ರಂದು ಫೋರ್ಡ್ ಕಂಪನಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸ್ತೀವಿ ಅಂತ ಘೋಷಿಸಿದ ಮೇಲೆ, ಫಿಗೋ ಇಟ್ಟುಕೊಂಡವರು, ಇಕೋಸ್ಪೋರ್ಟ್ ಇಟ್ಟುಕೊಂಡವರು ಎಲ್ಲರದ್ದೂ ಒಂದೇ ಪ್ರಶ್ನೆಯಾಗಿತ್ತು: "ನಮ್ಮ ಗಾಡಿ ಗತಿ ಏನು?" ಅದಕ್ಕೆ ಉತ್ತರ ಹುಡುಕ್ತಾ ಹೊರಟಾಗ ನನಗೆ ಸಿಕ್ಕಿದ್ದು ಈ ಸ್ಯಾಟರ್ನ್ ಮಾಲೀಕರ ಕಥೆ. ಕೇಳಿ.

1980ರ ದಶಕ. ಜಪಾನಿನ ಪುಟ್ಟ ಕಾರುಗಳು ಅಮೆರಿಕದ ರಸ್ತೆಗಳನ್ನ ಆಕ್ರಮಿಸ್ತಾ ಇದ್ದವು. ಜನರಲ್ ಮೋಟರ್ಸ್ ಅನ್ನೋ ದೈತ್ಯ ಕಂಪನಿಗೆ ಭಯ ಶುರುವಾಯಿತು. ಆಗಿನ ಅಧ್ಯಕ್ಷ ರೋಜರ್ ಸ್ಮಿತ್ ಒಂದು ತೀರ್ಮಾನ ಮಾಡಿದರು. ಹಳೇ ಮನೆ ರಿಪೇರಿ ಮಾಡೋದು ಬೇಡ, ಪಕ್ಕದಲ್ಲೇ ಹೊಸ ಮನೆ ಕಟ್ಟೋಣ. 1985ರ ಜನವರಿಯಲ್ಲಿ ಸ್ಯಾಟರ್ನ್ ಅನ್ನೋ ಪ್ರತ್ಯೇಕ ಕಂಪನಿ ಹುಟ್ಟಿತು. ಟೆನ್ನೆಸೀ ರಾಜ್ಯದ ಸ್ಪ್ರಿಂಗ್ ಹಿಲ್ ಅನ್ನೋ ಸಣ್ಣ ಊರಲ್ಲಿ ಕಾರ್ಖಾನೆ. ಕಾರ್ಮಿಕ ಸಂಘಟನೆ ಜೊತೆ ಬೇರೆಯದೇ ಒಪ್ಪಂದ. 1990ರ ಜುಲೈ 30ರಂದು ಮೊದಲ ಕಾರು ಹೊರಗೆ ಬಂತು.

ಮಾರಾಟದಲ್ಲಿ ಅವರು ಮಾಡಿದ್ದು ಏನು ಗೊತ್ತಾ? ಚೌಕಾಶಿ ಇಲ್ಲ. ಬೋರ್ಡಿನ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ ಬೆಲೆ. ನಿಮಗೂ ಅದೇ, ಪಕ್ಕದ ಮನೆಯವರಿಗೂ ಅದೇ. ಷೋರೂಮಿಗೆ ಹೋದರೆ ಮೋಸ ಹೋಗ್ತೀವಿ ಅಂತ ಹೆದರುತ್ತಿದ್ದ ಜನಕ್ಕೆ ಇದು ದೊಡ್ಡ ಸಮಾಧಾನ. ಕಾರು ತಗೊಂಡ ದಿನ ಸಿಬ್ಬಂದಿಯೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟಿ, ಫೋಟೋ ತೆಗೆದು ಕಳಿಸೋರು. ಬಾಗಿಲುಗಳ ಹೊರಮೈ ಪ್ಲಾಸ್ಟಿಕ್ ಜಾತಿಯದು. ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿ ಬಂದು ಬಡಿದರೂ ಡೆಂಟ್ ಆಗ್ತಿರಲಿಲ್ಲ, ತುಕ್ಕೂ ಹಿಡೀತಿರಲಿಲ್ಲ.

1991ರಲ್ಲಿ ಒಂದು ಪರೀಕ್ಷೆ ಬಂತು. ಹೊರಗಿನಿಂದ ಪೂರೈಕೆಯಾದ ಕೂಲಂಟ್ ಸರಿಯಿಲ್ಲ, ಎಂಜಿನ್ ಹಾಳಾಗುತ್ತೆ ಅಂತ ಗೊತ್ತಾಯಿತು. ಅಂಥ ಕಾರುಗಳು 1,836. ಬೇರೆ ಕಂಪನಿ ಆಗಿದ್ದರೆ ಏನು ಮಾಡೋದು? ತೊಳೆದು, ತುಂಬಿಸಿ, ಹೋಗಿ ಬನ್ನಿ ಅನ್ನೋದು. ಸ್ಯಾಟರ್ನ್ ಹಾಗೆ ಮಾಡಲಿಲ್ಲ. ಕಾರನ್ನೇ ವಾಪಸ್ ತಗೊಂಡು ಹೊಸ ಕಾರು ಕೊಟ್ಟಿತು. 1993ರಲ್ಲಿ ವೈರಿಂಗ್ ದೋಷಕ್ಕೆ ಸುಮಾರು 3 ಲಕ್ಷ 50 ಸಾವಿರ ಕಾರುಗಳನ್ನ ರಿಪೇರಿಗೆ ಕರೆದರು. ಆಗಲೂ ಎಷ್ಟೋ ಡೀಲರ್‌ಗಳು ಬಂದವರಿಗೆ ಊಟ ಹಾಕಿ ಕಳಿಸಿದರು.

ಜನ ಮರೀಲಿಲ್ಲ. 1994ರ ಬೇಸಿಗೆಯಲ್ಲಿ ಸ್ಪ್ರಿಂಗ್ ಹಿಲ್ ಕಾರ್ಖಾನೆಯವರು ಮಾಲೀಕರನ್ನೆಲ್ಲ 'ಮನೆಗೆ ಬನ್ನಿ' ಅಂತ ಕರೆದರೆ, ಸುಮಾರು 40 ಸಾವಿರ ಜನ ಬಂದರು. ತಮ್ಮ ಕಾರು ಹುಟ್ಟಿದ ಜಾಗ ನೋಡೋದಕ್ಕೆ! ನಮ್ಮಲ್ಲಿ ಜಾತ್ರೆಗೆ ಹೋಗ್ತಾರಲ್ಲ, ಹಾಗೆ.

ಹಾಗಂತ ಅದೇನು ದೋಷವೇ ಇಲ್ಲದ ಕಾರಲ್ಲ. ಆ ಮೊದಲ ಸರಣಿಯ 1.9 ಲೀಟರ್ ಎಂಜಿನ್ ವಯಸ್ಸಾದ ಮೇಲೆ ಆಯಿಲ್ ಕುಡಿಯೋದಕ್ಕೆ ಶುರು ಮಾಡ್ತಿತ್ತು. ಪೆಟ್ರೋಲ್ ಹಾಕಿಸಿದಾಗಲೆಲ್ಲ ಬಾನೆಟ್ ಎತ್ತಿ ಆಯಿಲ್ ನೋಡೋದು ಸ್ಯಾಟರ್ನ್ ಮಾಲೀಕರಿಗೆ ಅಭ್ಯಾಸವಾಗಿಹೋಗಿತ್ತು. ಮುಂದೆ ಬಂದ ವ್ಯೂ, ಅಯಾನ್ ಮಾಡೆಲ್‌ಗಳ ಒಂದು ಬಗೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬೇಗ ಕೈಕೊಡ್ತಿತ್ತು. ಕಂಪನಿ ಅದರ ವಾರಂಟಿ ವಿಸ್ತರಿಸಬೇಕಾಯಿತು. ಆದರೂ ಆ ಹಳೇ ಮಾಲೀಕರು ತಮ್ಮ ಕಾರಿನ ಬಗ್ಗೆ ಮಾತಾಡೋದು ಕೇಳಬೇಕು ನೀವು. ಆಯಿಲ್ ಕುಡಿಯುತ್ತೆ ಅಂತ ಬೈತಾರೆ, ಮರುಕ್ಷಣವೇ ಇಷ್ಟು ವರ್ಷ ನನ್ನನ್ನ ದಾರಿಯಲ್ಲಿ ಕೈಬಿಟ್ಟಿಲ್ಲ ಅಂತ ಹೊಗಳ್ತಾರೆ. ಮನೆಯ ಹಿರಿಯರ ಬಗ್ಗೆ ಮಾತಾಡಿದ ಹಾಗೆ.

ಹಾಗಾದ್ರೆ ಇಂಥ ಕಂಪನಿ ಯಾಕೆ ಸತ್ತಿತು? ಜನ ಪ್ರೀತಿಸಿದರು, ಆದರೆ ಜನರಲ್ ಮೋಟರ್ಸ್‌ಗೆ ಲಾಭ ಬರಲಿಲ್ಲ. ಹೊಸ ಮಾಡೆಲ್‌ಗಳಿಗೆ ವರ್ಷಗಟ್ಟಲೆ ದುಡ್ಡು ಕೊಡಲಿಲ್ಲ. ಬೇರೆ ಅಣ್ಣತಮ್ಮಂದಿರು ಈ ತಮ್ಮನ ಮೇಲೆ ಕಣ್ಣು ಕೆಂಪಾಗಿಸಿಕೊಂಡರು. ನಿಧಾನಕ್ಕೆ ಪ್ರತ್ಯೇಕ ಮನೆ ಅನ್ನೋದೇ ಹೋಯಿತು. ಬೇರೆ ಬ್ರ್ಯಾಂಡಿನ ಕಾರಿಗೇ ಸ್ಯಾಟರ್ನ್ ಲಾಂಛನ ಅಂಟಿಸಿ ಮಾರಿದರು. 2009ರ ಜೂನ್ 1ರಂದು ಜನರಲ್ ಮೋಟರ್ಸ್ ದಿವಾಳಿ ಅರ್ಜಿ ಹಾಕಿತು. ಪೆನ್ಸ್ಕೆ ಅನ್ನೋ ದೊಡ್ಡ ಡೀಲರ್ ಸಂಸ್ಥೆ ಸ್ಯಾಟರ್ನ್ ಕೊಳ್ಳೋದಕ್ಕೆ ಮುಂದೆ ಬಂತು. ಮುಂದೆ ಕಾರು ಮಾಡಿಕೊಡೋರು ಯಾರೂ ಸಿಗದೆ ಸೆಪ್ಟೆಂಬರ್ 30ರಂದು ಆ ವ್ಯವಹಾರವೂ ಮುರಿದುಬಿತ್ತು. 2010ರ ಅಕ್ಟೋಬರ್ ಹೊತ್ತಿಗೆ ಎಲ್ಲ ಮುಗೀತು.

ಮಾಲೀಕರಿಗೆ ಏನಾಯಿತು? ವಾರಂಟಿ ಉಳೀತು. ಷೆವರ್ಲೆ, ಬ್ಯೂಕ್ ಡೀಲರ್‌ಗಳ ಹತ್ತಿರ ಹೋಗಿ ಅಂದರು. ಜನರಲ್ ಮೋಟರ್ಸ್‌ನ ಬೇರೆ ಕಾರುಗಳಲ್ಲೂ ಇದ್ದ ಎಂಜಿನ್ನಿನವರಿಗೆ ಸ್ಪೇರ್ ಪಾರ್ಟ್ಸ್ ತೊಂದರೆ ಹೆಚ್ಚು ಆಗಲಿಲ್ಲ. ವ್ಯೂ ಕಾರಿನ ಒಂದು ಮಾಡೆಲ್‌ಗೆ ಹೋಂಡಾ ಎಂಜಿನ್ ಇತ್ತು, ಅವರೂ ಬಚಾವಾದರು. ಆದರೆ ಬೆಲ್ಜಿಯಂನಲ್ಲಿ ತಯಾರಾಗಿ ಬಂದ ಆಸ್ಟ್ರಾ ಕೊಂಡವರು ಒಂದು ಲೈಟಿಗೂ ಯುರೋಪಿನ ಕಡೆ ನೋಡಬೇಕಾಯಿತು. ಆ ಡೆಂಟ್ ಆಗದ ಪ್ಲಾಸ್ಟಿಕ್ ಬಾಗಿಲು ಬೇಕಾದರೆ ಗುಜರಿ ಅಂಗಡಿಯೇ ಗತಿ. ರೀಸೇಲ್ ಬೆಲೆ ಬಿದ್ದುಹೋಯಿತು. ಆದ್ದರಿಂದಲೇ ಆ ಕಾರುಗಳು ವಿದ್ಯಾರ್ಥಿಗಳ ಕೈಗೆ, ಕಡಿಮೆ ಸಂಬಳದವರ ಕೈಗೆ ಸೆಕೆಂಡ್ ಹ್ಯಾಂಡ್ ಆಗಿ ಹೋದವು.

ಇಲ್ಲಿವರೆಗಿನದು ದುಡ್ಡಿನ ನಷ್ಟ. ಹೇಗೋ ತಡ್ಕೋಬಹುದು. ಈಗ ಪ್ರಾಣದ ವಿಷಯಕ್ಕೆ ಬರ್ತೀನಿ.

2004ರ ನವೆಂಬರ್. ಟೆಕ್ಸಾಸ್‌ನಲ್ಲಿ ಒಬ್ಬ ಯುವತಿ ಸ್ಯಾಟರ್ನ್ ಅಯಾನ್ ಓಡಿಸ್ತಿದ್ದಳು. ಕಾರು ಇದ್ದಕ್ಕಿದ್ದಂತೆ ರಸ್ತೆ ಬಿಟ್ಟು ಮರಕ್ಕೆ ಬಡೀತು. ಏರ್‌ಬ್ಯಾಗ್ ತೆರೆಯಲಿಲ್ಲ. ಪಕ್ಕದಲ್ಲಿ ಕೂತಿದ್ದ, ಆಕೆ ಪ್ರೀತಿಸಿದ್ದ ಹುಡುಗ ಸತ್ತುಹೋದ. ತಪ್ಪು ಯಾರದ್ದು? ಓಡಿಸಿದವಳದ್ದೇ ಅಂದರು. ಆಕೆಯ ಮೇಲೆ ಕ್ರಿಮಿನಲ್ ಕೇಸ್. ಆಕೆ ತಪ್ಪೊಪ್ಪಿಕೊಂಡಳು. ಅವನನ್ನ ಕೊಂದವಳು ನಾನೇ ಅನ್ನೋ ಹೊರೆ ಹೊತ್ತುಕೊಂಡು ಬದುಕಿದಳು. ಒಂದಲ್ಲ, ಎರಡಲ್ಲ, ಹತ್ತು ವರ್ಷ!

2014ರ ಫೆಬ್ರುವರಿಯಲ್ಲಿ ಸತ್ಯ ಹೊರಗೆ ಬಂತು. ಇಗ್ನಿಷನ್ ಸ್ವಿಚ್ಚಿನೊಳಗಿನ ಹಿಡಿತ ಸಡಿಲ. ಕೀ ಗೊಂಚಲು ಸ್ವಲ್ಪ ಭಾರ ಇದ್ದರೆ, ಗುಂಡಿಯಲ್ಲಿ ಗಾಡಿ ಕುಕ್ಕಿದರೆ, ಮೊಣಕಾಲು ತಾಗಿದರೆ ಕೀ ತಾನಾಗೇ ಹಿಂದಕ್ಕೆ ತಿರುಗುತ್ತೆ. ಎಂಜಿನ್ ಬಂದ್, ಏರ್‌ಬ್ಯಾಗ್ ಬಂದ್. ಸ್ಯಾಟರ್ನ್ ಅಯಾನ್, ಷೆವರ್ಲೆ ಕೋಬಾಲ್ಟ್, ಪಾಂಟಿಯಾಕ್ ಜಿ5 ಮುಂತಾದ ಸುಮಾರು 26 ಲಕ್ಷ ಕಾರುಗಳಲ್ಲಿ ಇದೇ ಕಥೆ. ಪಾಂಟಿಯಾಕ್ ಕೂಡ ಅಷ್ಟೊತ್ತಿಗೆ ಮುಚ್ಚಿಹೋದ ಬ್ರ್ಯಾಂಡ್.

ಈಗ ಗಮನವಿಟ್ಟು ಕೇಳಿ. ಈ ದೋಷ ಕಂಪನಿಯೊಳಗೆ ಮೊದಲು ಕಾಣಿಸಿದ್ದು 2001ರಲ್ಲಿ, ಅಯಾನ್ ಇನ್ನೂ ಷೋರೂಮಿಗೆ ಬರೋದಕ್ಕೆ ಮೊದಲೇ! 2003ರಲ್ಲಿ ಒಬ್ಬ ಸರ್ವಿಸ್ ಮೆಕ್ಯಾನಿಕ್, ಗೊಂಚಲಿನ ಭಾರಕ್ಕೆ ಸ್ವಿಚ್ ಸವೆದು ಅಯಾನ್ ನಿಂತುಹೋಗ್ತಿದೆ ಅಂತ ಗುರುತಿಸಿದ್ದ. ಆ ಹುಡುಗನ ಸಾವಿಗೂ ಒಂದು ವರ್ಷ ಮೊದಲು. ಆದರೆ ಓಡೋ ಕಾರು ನಿಂತುಹೋಗೋದು 'ಗ್ರಾಹಕರ ಅನುಕೂಲದ ವಿಷಯ' ಅಂತ ಬರೆದುಕೊಂಡರು. 2006ರಲ್ಲಿ ಸದ್ದಿಲ್ಲದೆ ಸ್ವಿಚ್ ಬದಲಾಯಿಸಿದರು, ಭಾಗದ ನಂಬರ್ ಮಾತ್ರ ಹಳೆಯದೇ ಉಳಿಸಿದರು. ಆಮೇಲೆ ತನಿಖೆ ಮಾಡಿದವರಿಗೆ ಯಾವುದು ಹಳೆಯದು, ಯಾವುದು ಹೊಸದು ಅಂತಲೇ ತಿಳೀಲಿಲ್ಲ.

ಕಂಪನಿಯೇ ನೇಮಿಸಿದ್ದ ವಕೀಲ ಆಂಟನ್ ವಾಲುಕಾಸ್ ಕೊಟ್ಟ ವರದಿಯಲ್ಲಿ ಎರಡು ಮಾತಿದೆ. ಒಂದು, ಜಿಎಂ ತಲೆಯಾಡಿಸುವಿಕೆ. ಮೀಟಿಂಗ್‌ನಲ್ಲಿ ಎಲ್ಲರೂ ಹೂಂ ಅಂತ ತಲೆಯಾಡಿಸೋದು, ಹೊರಗೆ ಬಂದು ಯಾರೂ ಏನೂ ಮಾಡದಿರೋದು. ಇನ್ನೊಂದು, ಜಿಎಂ ಸೆಲ್ಯೂಟ್. ಕೈ ಕಟ್ಟಿಕೊಂಡು ಎರಡೂ ಕಡೆ ಬೆರಳು ತೋರಿಸೋದು. ಅಂದ್ರೆ, ಹೊಣೆ ನಂದಲ್ಲ, ಅವರದ್ದು! ನಮ್ಮ ಸರ್ಕಾರಿ ಕಚೇರಿಗಳಲ್ಲಿ 'ಫೈಲು ಆ ಟೇಬಲ್‌ನಲ್ಲಿದೆ' ಅಂತಾರಲ್ಲ, ಅದೇ.

ಜನರ ಕೋಪ ಇನ್ನೂ ಹೆಚ್ಚಿಸಿದ್ದು ದಿವಾಳಿಯ ವಿಷಯ. ದಿವಾಳಿಯಾದ ಹಳೇ ಜಿಎಂ ಬೇರೆ, ಅದರ ಒಳ್ಳೇ ಆಸ್ತಿಯನ್ನೆಲ್ಲ ಕೊಂಡ ಹೊಸ ಜಿಎಂ ಬೇರೆ, ಆದ್ದರಿಂದ ಹಳೇ ಕಾರಿನ ಕೇಸುಗಳು ನಮಗೆ ಅಂಟೋದಿಲ್ಲ ಅಂತ ಕೋರ್ಟಿನಲ್ಲಿ ವಾದಿಸಿದರು. ದೋಷ ಇದೆ ಅಂತ ಮಾಲೀಕರಿಗೆ ಹೇಳದೇ ಇದ್ದ ಮೇಲೆ, ಅವರ ಹಕ್ಕು ಕಿತ್ತುಕೊಳ್ಳೋದಕ್ಕೆ ಆಗಲ್ಲ ಅಂತ 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124. ಸರ್ಕಾರಕ್ಕೆ ಕಂಪನಿ ಕಟ್ಟಿದ್ದು 90 ಕೋಟಿ ಡಾಲರ್. ಕೆಲಸ ಕಳೆದುಕೊಂಡವರು 15 ಜನ. ಟೆಕ್ಸಾಸ್‌ನ ಆ ಯುವತಿಯ ಮೇಲಿನ ಶಿಕ್ಷೆಯನ್ನ 2014ರ ನವೆಂಬರ್‌ನಲ್ಲಿ ನ್ಯಾಯಾಧೀಶರು ರದ್ದು ಮಾಡಿದರು. ಹತ್ತು ವರ್ಷ ಯಾರು ವಾಪಸ್ ಕೊಡ್ತಾರೆ?

ಒಂದೇ ಹೆಸರು, ಎರಡು ನಡತೆ. 1991ರಲ್ಲಿ ಕೆಟ್ಟ ಕೂಲಂಟ್‌ಗೆ ಇಡೀ ಕಾರನ್ನೇ ಕೊಟ್ಟವರು, ಒಂದು ಸ್ವಿಚ್ ವಿಷಯದಲ್ಲಿ ಹತ್ತು ವರ್ಷ ಬಾಯಿ ಬಿಡಲಿಲ್ಲ. ಹಾಗಾಗಿ ನಾನು ಹೇಳೋದು ಇಷ್ಟೇ. ಬ್ರ್ಯಾಂಡಿನ ಮೇಲೆ ಪ್ರೀತಿ ಇರಲಿ, ಆದರೆ ಕೊನೆಗೆ ನಿಮ್ಮನ್ನ ಕಾಪಾಡೋದು ಆ ಪ್ರೀತಿ ಅಲ್ಲ, ಕಾನೂನು. ಸ್ಯಾಟರ್ನ್ ಮಾಲೀಕರಿಗೆ ಹೊಸ ಸ್ವಿಚ್ ಉಚಿತವಾಗಿ ಸಿಕ್ಕಿದ್ದು, ಸತ್ತ ಬ್ರ್ಯಾಂಡಿನ ಕಾರಾದರೂ ಹೊಣೆ ಸತ್ತಿಲ್ಲ ಅಂತ ಕೇಳೋರು ಇದ್ದಿದ್ದರಿಂದ.

ನಮ್ಮಲ್ಲಿ? ಜನರಲ್ ಮೋಟರ್ಸ್ 2017ರ ಕೊನೆಗೆ ಭಾರತದಲ್ಲಿ ಷೆವರ್ಲೆ ಮಾರಾಟ ನಿಲ್ಲಿಸಿತು. ಬೀಟ್, ಸ್ಪಾರ್ಕ್, ಟವೇರಾ ಇನ್ನೂ ನಮ್ಮ ರಸ್ತೆಗಳಲ್ಲಿ ಓಡ್ತಿವೆ. 2021ರಲ್ಲಿ ಫೋರ್ಡ್ ಸರದಿ ಬಂತು. ಸರ್ವಿಸ್ ಕೊಡ್ತೀವಿ, ಪಾರ್ಟ್ಸ್ ಕೊಡ್ತೀವಿ ಅಂದಿದ್ದಾರೆ. ಒಳ್ಳೇದು. ಪಾರ್ಟ್ಸ್ ಬೇಕಾದರೆ ಜೆ.ಸಿ. ರಸ್ತೆಯಲ್ಲೂ ಹುಡುಕಿಕೊಳ್ತೀವಿ. ಆದರೆ ನಾಳೆ ಒಂದು ಸುರಕ್ಷತೆಯ ದೋಷ ಸಿಕ್ಕಿದರೆ?

ದೋಷ ಇರೋ ಗಾಡಿಗಳನ್ನ ವಾಪಸ್ ಕರೆಸಿ ರಿಪೇರಿ ಮಾಡಿಸೋ ಅಧಿಕಾರ ಈಗ ನಮ್ಮ ಸರ್ಕಾರಕ್ಕೂ ಇದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಅದನ್ನ ತಂದಿತು, ನಿಯಮ 2021ರ ಏಪ್ರಿಲ್ 1ರಿಂದ ಜಾರಿಗೆ ಬಂತು. ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಸ್ವಾಗತ. ಆದರೆ ಅದು ಅನ್ವಯಿಸೋದು 7 ವರ್ಷದೊಳಗಿನ ಗಾಡಿಗಳಿಗೆ ಮಾತ್ರ. ಲೆಕ್ಕ ಹಾಕಿ. 2003ರ ಅಯಾನ್ ಕಾರಿನ ದೋಷ ಹೊರಗೆ ಬಂದಿದ್ದು 2014ರಲ್ಲಿ. ಹನ್ನೊಂದು ವರ್ಷ! ಆ ಕಾರು ನಮ್ಮ ನಿಯಮದಲ್ಲಿ ಲೆಕ್ಕಕ್ಕೇ ಇಲ್ಲ. ನಮ್ಮ ದೇಶದಲ್ಲಿ ಏಳು ವರ್ಷದ ಕಾರನ್ನ ಯಾರ್ರೀ ಹಳೇ ಕಾರು ಅಂತಾರೆ? ಸಾಲ ಮುಗಿಯೋದೇ ಐದು ವರ್ಷ, ಏಳು ವರ್ಷಕ್ಕೆ. ಸಾಲ ತೀರಿದ ದಿನವೇ ಸುರಕ್ಷತೆಯ ಹಕ್ಕೂ ತೀರಿಹೋಗಬೇಕಾ? ಕೇಂದ್ರ ಸಾರಿಗೆ ಸಚಿವರು ಇದಕ್ಕೆ ಉತ್ತರ ಹೇಳಬೇಕು.

ನೀವು ಮಾಡಬೇಕಾದ್ದೂ ಇದೆ. ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ದರೆ ಆರ್‌ಸಿಯನ್ನ ನಿಮ್ಮ ಹೆಸರಿಗೆ, ಈಗಿನ ವಿಳಾಸಕ್ಕೆ ಮಾಡಿಸಿಕೊಳ್ಳಿ. ಇಲ್ಲಾಂದ್ರೆ ಎಚ್ಚರಿಕೆಯ ಪತ್ರ ಹಳೇ ಮಾಲೀಕನ ಮನೆ ಬಾಗಿಲಲ್ಲಿ ಬಿದ್ದಿರುತ್ತೆ. ಓಡೋ ಗಾಡಿ ನಿಂತುಹೋದರೆ ಮೆಕ್ಯಾನಿಕ್ ಹತ್ತಿರ ಸರಿಮಾಡಿಸಿ ಮರೀಬೇಡಿ, ಕಂಪನಿಗೆ ಬರೆದು ಕೊಡಿ, ನಕಲು ಇಟ್ಟುಕೊಳ್ಳಿ. ಅಮೆರಿಕದಲ್ಲೂ ದೋಷವನ್ನ ಬಯಲು ಮಾಡಿದ್ದು ಮಾಲೀಕರ ಹಟ, ಸತ್ತವರ ಮನೆಯವರ ಹೋರಾಟ. ಕಂಪನಿ ತಾನಾಗಿ ಬಂದು ಹೇಳಲಿಲ್ಲ.

ಬಾಗಿಲು ಹಾಕೋದು ವ್ಯಾಪಾರಿಯ ಇಷ್ಟ. ಆದರೆ ಅವನು ಮಾರಿದ ಗಾಡಿಯಲ್ಲಿ ನಮ್ಮ ಮಕ್ಕಳು ಕೂತಿರುವಷ್ಟು ದಿನ, ಅವನ ಹೊಣೆಗೆ ಬಾಗಿಲು ಇರಬಾರದು.