ಕಾವಿಗೆ ಕುಳಿತ ಕೋಳಿಯ ಪಾಲನೆ

ಹೈದರಾಬಾದ್ ನಗರದ ಪೂರ್ವ ಭಾಗದಲ್ಲಿರುವ ದಿಲ್‌ಸುಖ್‌ನಗರ ಇಂದು ಅಂಗಡಿಗಳಿಂದಲೂ ವಸತಿ ಕಟ್ಟಡಗಳಿಂದಲೂ ತುಂಬಿದ ಬಡಾವಣೆಯಾಗಿದೆ. ಇಂತಹ ಕಡೆ ಕೋಳಿ ಸಾಕಾಣಿಕೆಯೆಂದರೆ ಮನೆಯ ಹಿಂದಿನ ಅಂಗಳ, ನಾಲ್ಕಾರು ನಾಟಿ ಹ್ಯಾಟೆಗಳು, ಒಂದು ಹುಂಜ, ಇಷ್ಟೇ. ಆದರೆ ಇಷ್ಟು ಸಣ್ಣ ಸಾಕಾಣಿಕೆಯಲ್ಲಿಯೂ ವರ್ಷಕ್ಕೆ ಮೂರು ನಾಲ್ಕು ಬಾರಿ ಒಂದು ಪ್ರಶ್ನೆ ಎದುರಾಗುತ್ತದೆ. ಹತ್ತು ಹನ್ನೆರಡು ಮೊಟ್ಟೆ ಇಟ್ಟ ಹ್ಯಾಟೆ ಒಂದು ದಿನ ಗೂಡು ಬಿಟ್ಟು ಏಳುವುದಿಲ್ಲ. ಹತ್ತಿರ ಹೋದರೆ ಗರಿ ಕೆದರಿಕೊಂಡು ಕುಕ್ಕಲು ಬರುತ್ತದೆ. ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಅದು ಕಾವಿಗೆ ಬಂದಿದೆ ಎಂದು ಮನೆಯವರು ತಿಳಿಯುತ್ತಾರೆ.

ಅನೇಕರು ಇದನ್ನು ಕೋಳಿಯ ಸೋಮಾರಿತನವೆಂದೇ ಬಗೆಯುತ್ತಾರೆ. ನೀರಿನಲ್ಲಿ ಮುಳುಗಿಸುವುದು, ಮೂಗಿನ ಹೊಳ್ಳೆಯಲ್ಲಿ ಗರಿ ತೂರಿಸುವುದು, ಕಾಲು ಕಟ್ಟಿ ಬಿಸಿಲಿಗೆ ಹಾಕುವುದು ಮುಂತಾದ ಪದ್ಧತಿಗಳು ನಮ್ಮ ಹಳ್ಳಿಗಳಲ್ಲಿ ಬಳಕೆಯಲ್ಲಿವೆ. ಇವು ಕ್ರೂರವಾದವು, ಅನಗತ್ಯವಾದವು. ಕಾವು ರೋಗವಲ್ಲ. ನಸುಗತ್ತಲಿನ ಗೂಡಿನಲ್ಲಿ ಮೊಟ್ಟೆಗಳು ಸೇರುತ್ತ ಹೋದಂತೆ ಕೋಳಿಯ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಪ್ರೊಲ್ಯಾಕ್ಟಿನ್ ಎಂಬ ಚೋದಕವನ್ನು ಹೆಚ್ಚಾಗಿ ಸ್ರವಿಸುತ್ತದೆ. ಅಂಡಾಶಯದ ಕೆಲಸ ನಿಲ್ಲುತ್ತದೆ, ಎದೆಯ ಗರಿ ಉದುರುತ್ತದೆ, ಆ ಬರಿಯ ಚರ್ಮದಿಂದ ಮೊಟ್ಟೆಗಳಿಗೆ ನೇರವಾಗಿ ಬಿಸಿ ತಗಲುತ್ತದೆ.

ದಿಲ್‌ಸುಖ್‌ನಗರದಿಂದ ಹೆಚ್ಚು ದೂರವಿಲ್ಲದ, ಅದೇ ನಗರದ ರಾಜೇಂದ್ರನಗರದಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯವಿದೆ. 1988ರಲ್ಲಿ ಯೋಜನಾ ನಿರ್ದೇಶನಾಲಯವಾಗಿ ಆರಂಭವಾದ ಈ ಸಂಸ್ಥೆ ಹಿತ್ತಿಲ ಸಾಕಾಣಿಕೆಗೆಂದೇ ವನರಾಜ, ಗ್ರಾಮಪ್ರಿಯ ಮುಂತಾದ ತಳಿಗಳನ್ನು ರೂಪಿಸಿದೆ. ಕರ್ನಾಟಕದವರಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಗಿರಿರಾಜ ಪರಿಚಿತವೇ ಆಗಿದೆ. ಈ ಕೋಳಿಗಳು ನಾಟಿ ಕೋಳಿಗಿಂತ ಹೆಚ್ಚು ಮೊಟ್ಟೆ ಇಡುತ್ತವೆ. ಆದರೆ ಹೆಚ್ಚು ಮೊಟ್ಟೆಗಾಗಿ ಆಯ್ದು ಬೆಳೆಸಿದ ಕೋಳಿಗಳಲ್ಲಿ ಕಾವಿಗೆ ಕೂರುವ ಗುಣ ಬಹುಮಟ್ಟಿಗೆ ಅಳಿದುಹೋಗುತ್ತದೆ. ಇವು ಮಿಶ್ರ ತಳಿಗಳಾದುದರಿಂದ ತಮ್ಮತಮ್ಮಲ್ಲೇ ಕೂಡಿ ಇಟ್ಟ ಮೊಟ್ಟೆಯ ಮರಿಗಳಲ್ಲಿ ತಾಯಿತಂದೆಯ ಗುಣ ಪೂರ್ತಿಯಾಗಿ ಉಳಿಯುವುದೂ ಇಲ್ಲ. ಆದುದರಿಂದ ಸುಧಾರಿತ ತಳಿಯನ್ನು ಸಾಕುವ ಮನೆಯವರು ಪ್ರತಿ ಬಾರಿಯೂ ಮರಿಯನ್ನೋ ಮರಿ ಮಾಡಿಸುವ ಮೊಟ್ಟೆಯನ್ನೋ ಹೊರಗಿನಿಂದ ತರಬೇಕು. ಆ ಮೊಟ್ಟೆಗೆ ಕಾವು ಕೊಡಲು ಯಂತ್ರವಿಲ್ಲದ ಮನೆಯಲ್ಲಿ ಇರುವುದು ಒಂದು ನಾಟಿ ಹ್ಯಾಟೆಯೇ. ತೆಲುಗು ನಾಡಿನಲ್ಲಿ ಜಗಳಗಂಟ ಕೋಳಿಯೆಂದು ಹೆಸರಾದ ಅಸೀಲ್ ಜಾತಿಯ ಹ್ಯಾಟೆಯಂತೂ ಈ ಕೆಲಸದಲ್ಲಿ ಬಲು ನಂಬಿಕಸ್ತ ತಾಯಿ.

ಹಾಗೆಂದು ಕಾವಿಗೆ ಬಂದ ಕೋಳಿಯನ್ನೆಲ್ಲ ಕೂರಿಸಲೇಬೇಕೆಂದಿಲ್ಲ. ಮೂರು ವಾರ ಕಾವು, ಆ ಮೇಲೆ ಎರಡು ತಿಂಗಳವರೆಗೆ ಮರಿಗಳ ಪಾಲನೆ, ಈ ಅವಧಿಯಲ್ಲಿ ಹ್ಯಾಟೆಯಿಂದ ಮೊಟ್ಟೆ ದೊರೆಯದು. ಮರಿ ಬೇಡವೆನಿಸಿದರೆ ತಳದಲ್ಲಿ ಗಾಳಿಯಾಡುವ ತಂತಿಯ ಪಂಜರದಲ್ಲಿ, ಬೆಳಕಿರುವ ನೆರಳಿನಲ್ಲಿ, ನೀರು ಮೇವು ಕೊಟ್ಟು ಮೂರು ನಾಲ್ಕು ದಿನ ಇರಿಸಿದರೆ ಕಾವು ಸಾಮಾನ್ಯವಾಗಿ ಇಳಿಯುತ್ತದೆ. ತಪ್ಪಾಗುವುದು ಎರಡನ್ನೂ ಮಾಡದೆ ಬಿಟ್ಟಾಗ. ಖಾಲಿ ಗೂಡಿನ ಮೇಲೆ ವಾರಗಟ್ಟಲೆ ಕುಳಿತ ಕೋಳಿ ಬಡವಾಗುತ್ತದೆ, ಮನೆಗೆ ಮೊಟ್ಟೆಯೂ ಇಲ್ಲ, ಮರಿಯೂ ಇಲ್ಲ.

ಕೂರಿಸುವುದೆಂದು ನಿರ್ಧರಿಸಿದ ಮೇಲೆ ಮೊದಲ ಗಮನ ಮೊಟ್ಟೆಯ ಕಡೆಗೆ. ನಗರದಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಅಂಗಡಿಯಿಂದ ತಂದ ಮೊಟ್ಟೆಯನ್ನು ಕೋಳಿಯ ಕೆಳಗಿಡುವುದು. ಫಾರಂಗಳಲ್ಲಿ ಮೊಟ್ಟೆಗಾಗಿ ಸಾಕುವ ಕೋಳಿಗಳ ಜೊತೆ ಹುಂಜವಿರುವುದಿಲ್ಲ. ಆ ಮೊಟ್ಟೆಗೆ ಎಷ್ಟು ದಿನ ಕಾವು ಕೊಟ್ಟರೂ ಮರಿ ಬಾರದು. ಮನೆಯ ರೆಫ್ರಿಜರೇಟರಿನಲ್ಲಿ ಇಟ್ಟ ಮೊಟ್ಟೆಯೂ ಅತಿಯಾದ ಚಳಿಯಿಂದ ಕೆಡುತ್ತದೆ. ಅದಕ್ಕಿಂತ ಸೂಕ್ಷ್ಮವಾದುದು ಬೇಸಗೆಯ ಹಾನಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹೈದರಾಬಾದಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಮನೆಯೊಳಗೂ 30 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಇಷ್ಟು ಸೆಕೆಯಲ್ಲಿ ಕೋಳಿ ಕೂರುವ ಮೊದಲೇ ಭ್ರೂಣ ಅರೆಬರೆಯಾಗಿ ಬೆಳೆಯತೊಡಗಿ ಸತ್ತುಹೋಗುತ್ತದೆ. ದೋಷ ಕೋಳಿಯದಲ್ಲ, ಸಂಗ್ರಹದ್ದು. ಆದುದರಿಂದ ಮೊಟ್ಟೆಯನ್ನು ದಿನವೂ ಗೂಡಿನಿಂದ ತೆಗೆದು, ಒದ್ದೆ ಮರಳಿನಲ್ಲಿ ಹೂತ ಮಡಕೆಯೊಳಗೆ, ಅಗಲದ ತುದಿ ಮೇಲಾಗುವಂತೆ, ತಂಪಾದ ಕೋಣೆಯಲ್ಲಿ ಇಡಬೇಕು. ಚಳಿಗಾಲದಲ್ಲಿ ಒಂದು ವಾರದವರೆಗಿನ, ಬೇಸಗೆಯಲ್ಲಿ ಮೂರು ನಾಲ್ಕು ದಿನದೊಳಗಿನ ಮೊಟ್ಟೆಯೇ ಲೇಸು. ಕೊಳೆಯಾದುದನ್ನು ತೊಳೆದು ಇಡುವುದಕ್ಕಿಂತ ಕೈಬಿಡುವುದು ಉತ್ತಮ. ತೊಳೆದರೆ ಚಿಪ್ಪಿನ ರಕ್ಷಣೆಯ ಪೊರೆ ಹೋಗುತ್ತದೆ.

ಬಸ್ಸಿನಲ್ಲೋ ಆಟೋದಲ್ಲೋ ಕುಲುಕಾಡಿ ಬಂದ ಮೊಟ್ಟೆಗಳನ್ನು ಒಂದು ದಿನ ಅಲುಗಿಸದೆ ಇಟ್ಟು ಆ ಮೇಲೆ ಕಾವಿಗೆ ಹಾಕಬೇಕು. ನಾಟಿ ಹ್ಯಾಟೆ ತನ್ನ ಮೊಟ್ಟೆಗಳಾದರೆ ಹತ್ತು ಹನ್ನೆರಡನ್ನು ಮುಚ್ಚಿಕೊಳ್ಳಬಲ್ಲದು. ಸುಧಾರಿತ ತಳಿಯ ಮೊಟ್ಟೆ ಗಾತ್ರದಲ್ಲಿ ದೊಡ್ಡದು, ಎಂಟು ಒಂಬತ್ತು ಸಾಕು. ರೆಕ್ಕೆಯಿಂದಾಚೆ ಉಳಿದ ಮೊಟ್ಟೆ ದಿನವೂ ಒಂದೊಂದಾಗಿ ಬದಲಾಗುವುದರಿಂದ, ಆಸೆಯಿಂದ ಇಟ್ಟ ನಾಲ್ಕು ಹೆಚ್ಚಿನ ಮೊಟ್ಟೆ ಉಳಿದವನ್ನೂ ಕೆಡಿಸುತ್ತದೆ.

ಅಗಲವಾದ ಬುಟ್ಟಿಯ ತಳಕ್ಕೆ ಮಣ್ಣು ಹಾಸಿ, ನಡುವೆ ತುಸು ತಗ್ಗು ಮಾಡಿ, ಮೇಲೆ ಒಣಹುಲ್ಲು ಹರಡಿದರೆ ಗೂಡು ಸಿದ್ಧ. ಬೇಸಗೆಯಲ್ಲಿ ಈ ಮಣ್ಣಿಗೆ ಆಗಾಗ ನೀರು ಚಿಮುಕಿಸಿದರೆ ಒಣಹವೆಯಲ್ಲಿ ಮೊಟ್ಟೆಯ ತೇವ ಅತಿಯಾಗಿ ಆರದು. ಕೋಳಿಯ ಮೈಯಲ್ಲಿ ಹೇನು ಇದ್ದರೆ ಅದು ಗೂಡಿನಲ್ಲಿ ನಿಲ್ಲದು. ಕೂರಿಸುವ ಮುನ್ನವೇ ಪಶುವೈದ್ಯರು ಹೇಳಿದ ಔಷಧಿಯಿಂದ ಅದನ್ನು ನಿವಾರಿಸಿ, ಅಂಗಳದಲ್ಲಿ ಬೂದಿ ಬೆರೆತ ಮಣ್ಣಿನಲ್ಲಿ ಹೊರಳಲು ಎಡೆ ಮಾಡಿಕೊಡಬೇಕು. ಕೂರಿಸುವುದು ಕತ್ತಲಾದ ಮೇಲೆ. ಮೊಟ್ಟೆಗಳಿಗೆ ಸೀಸದ ಕಡ್ಡಿಯಿಂದ ಗುರುತು ಹಾಕುವುದು ಚಿಕ್ಕ ವಿಷಯವೆನಿಸಬಹುದು. ಆದರೆ ಬೇರೆ ಹ್ಯಾಟೆಗಳು ಅದೇ ಗೂಡಿಗೆ ಬಂದು ಮೊಟ್ಟೆ ಇಟ್ಟು ಹೋಗುತ್ತವೆ. ಗುರುತಿಲ್ಲದ ಮೊಟ್ಟೆಯನ್ನು ಅಂದಂದೇ ತೆಗೆಯದಿದ್ದರೆ ಮರಿಗಳು ಬೇರೆ ಬೇರೆ ದಿನ ಹೊರಬರುವಂತಾಗಿ, ತಾಯಿ ಮೊದಲ ಮರಿಗಳೊಡನೆ ಎದ್ದುಹೋಗುತ್ತದೆ.

ದಿನಕ್ಕೊಮ್ಮೆ ಕೋಳಿ ಹದಿನೈದು ಇಪ್ಪತ್ತು ನಿಮಿಷ ಹೊರಬರಬೇಕು. ಜೋಳ, ಮುಸುಕಿನ ಜೋಳದಂತಹ ಇಡಿಯ ಕಾಳು ಮತ್ತು ತಣ್ಣೀರು ಹತ್ತಿರದಲ್ಲೇ ಇರಲಿ. ತಾನಾಗಿ ಏಳದ ಕೋಳಿಯನ್ನು ಎತ್ತಿ ಹೊರಬಿಡಬೇಕಾಗುತ್ತದೆ, ಎತ್ತುವ ಮುನ್ನ ರೆಕ್ಕೆಯಡಿ ಮೊಟ್ಟೆ ಸಿಕ್ಕಿಕೊಂಡಿದೆಯೇ ಎಂದು ಕೈಯಾಡಿಸಿ ನೋಡಬೇಕು. ಮೊಟ್ಟೆ ತಿರುಗಿಸುವ ಕೆಲಸ ಮನುಷ್ಯರದಲ್ಲ. ಅದನ್ನು ಕೋಳಿಯೇ ದಿನಕ್ಕೆ ಹಲವು ಬಾರಿ ಮಾಡುತ್ತದೆ.

ಏಳನೆಯ ರಾತ್ರಿ ರಟ್ಟಿನ ಕೊಳವೆ ತೊಡಿಸಿದ ಟಾರ್ಚಿನ ಮುಂದೆ ಮೊಟ್ಟೆ ಹಿಡಿದು ನೋಡಬಹುದು. ಜೇಡರ ಕಾಲುಗಳಂತೆ ಕೆಂಪು ನರಗಳು ಹರಡಿದ್ದರೆ ಭ್ರೂಣ ಬೆಳೆಯುತ್ತಿದೆ. ಏನೂ ಕಾಣದೆ ತಿಳಿಯಾಗಿದ್ದರೆ ಅದು ಬರಿಗೊಡ್ಡು, ತೆಗೆದುಬಿಡಬೇಕು. ಕೊಳೆತ ಮೊಟ್ಟೆ ಗೂಡಿನಲ್ಲಿ ಒಡೆದರೆ ಉಳಿದವಕ್ಕೂ ಸೋಂಕು.

ಇಪ್ಪತ್ತೊಂದು ದಿನವೆಂದರೆ ಸರಿಯಾಗಿ ಮೂರು ವಾರ. ಶುಕ್ರವಾರ ರಾತ್ರಿ ಕೂರಿಸಿದರೆ ಮೂರನೆಯ ಶುಕ್ರವಾರದ ಆಸುಪಾಸಿಗೆ ಮರಿ. ಹದಿನೆಂಟನೆಯ ದಿನದಿಂದ ಗೂಡನ್ನು ಮುಟ್ಟಬಾರದು. ಚಿಪ್ಪಿನಲ್ಲಿ ಬಿರುಕು ಕಂಡ ಮೇಲೆ ಮರಿ ಪೂರ್ತಿ ಹೊರಬರಲು ಅರ್ಧ ದಿನ, ಕೆಲವೊಮ್ಮೆ ಇಡೀ ದಿನ ಹಿಡಿಯಬಹುದು. ಮನೆಯವರ ತಾಳ್ಮೆ ಕೆಡುವುದು ಇಲ್ಲಿಯೇ. ಕರುಣೆಯಿಂದ ಚಿಪ್ಪು ಸುಲಿದರೆ ಒಳಪೊರೆಯ ನರಗಳು ಹರಿದು ರಕ್ತ ಸುರಿಯುತ್ತದೆ, ಹೊಟ್ಟೆಯೊಳಗೆ ಇನ್ನೂ ಸೇರದ ಅರಿಶಿನ ಹೊರಗುಳಿಯುತ್ತದೆ, ಮರಿ ಸಾಯುತ್ತದೆ. ಸೇರಿದ ಅರಿಶಿನವೇ ಮರಿಗೆ ಎರಡು ದಿನದ ಆಹಾರ. ತಡವಾಗಿ ಒಡೆಯುವ ಮೊಟ್ಟೆಗಳಿಗಾಗಿ ತಾಯಿ ಕಾಯಲು ಸಾಧ್ಯವಾಗುವುದು ಇದರಿಂದಲೇ. ಮೊದಲ ಮರಿಗಳು ಚುರುಕಾಗಿ ತಾಯಿಯನ್ನು ಎಬ್ಬಿಸುವಂತಿದ್ದರೆ ಅವನ್ನು ಬಟ್ಟೆ ಹಾಸಿದ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು, ರಾತ್ರಿ ಮತ್ತೆ ತಾಯಿಯ ಕೆಳಗೆ ಸೇರಿಸಬಹುದು.

ಮೊದಲ ವಾರ ತಾಯಿಯನ್ನೂ ಮರಿಗಳನ್ನೂ ದೊಡ್ಡ ಬುಟ್ಟಿಯಡಿ ಇರಿಸುವುದು ಕ್ಷೇಮ. ನಗರದಲ್ಲಿ ಹದ್ದಿಗಿಂತ ಬೆಕ್ಕು ಹೆಗ್ಗಣಗಳ ಕಾಟ ಜಾಸ್ತಿ. ನೀರಿನ ತಟ್ಟೆಯಲ್ಲಿ ಸಣ್ಣ ಕಲ್ಲು ಹಾಕದಿದ್ದರೆ ಮರಿಗಳು ಬಿದ್ದು ನೆನೆದು ಸಾಯುತ್ತವೆ.

ಇಷ್ಟೆಲ್ಲ ಶ್ರಮವನ್ನು ಒಂದೇ ವಾರದಲ್ಲಿ ಅಳಿಸಿಬಿಡಬಲ್ಲದ್ದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಇದಕ್ಕೆ ಚಿಕಿತ್ಸೆಯಿಲ್ಲ. ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೋ ಮೂಗಿಗೋ ಹಾಕುವ ಲಸಿಕೆಯ ಹನಿಯೇ ಮೊದಲ ರಕ್ಷಣೆ. ತೊಡಕೆಂದರೆ ಲಸಿಕೆಯ ಬಾಟಲಿ ನೂರು ಅಥವಾ ಹೆಚ್ಚು ಕೋಳಿಗಳ ಪ್ರಮಾಣದಲ್ಲಿ ಬರುತ್ತದೆ, ಕಲಸಿದ ಒಂದೆರಡು ಗಂಟೆಯೊಳಗೆ ಬಳಸಿ ಮುಗಿಸಬೇಕು. ಎಂಟು ಮರಿಗಳ ಮನೆಯೊಂದು ಅದನ್ನು ಕೊಳ್ಳಲು ಹಿಂಜರಿಯುವುದು ಸಹಜ. ಒಂದೇ ಓಣಿಯ ನಾಲ್ಕಾರು ಮನೆಗಳವರು ಮೊದಲೇ ಮಾತನಾಡಿಕೊಂಡು ತಮ್ಮ ಹ್ಯಾಟೆಗಳನ್ನು ಒಂದೇ ವಾರದಲ್ಲಿ ಕಾವಿಗೆ ಕೂರಿಸಿದರೆ ಮರಿಗಳೂ ಒಟ್ಟಿಗೆ ಬರುತ್ತವೆ, ಬಾಟಲಿಯ ಬೆಲೆ ಹಂಚಿಹೋಗುತ್ತದೆ. ಒಂದು ಮನೆಯ ಗೂಡಿನಲ್ಲಿ ಮೂರೇ ಮರಿ ಎದ್ದಿದ್ದರೆ ಅವನ್ನು ರಾತ್ರಿ ಪಕ್ಕದ ಮನೆಯ ತಾಯಿಯ ರೆಕ್ಕೆಯಡಿ ಸೇರಿಸಬಹುದು. ಒಂದೇ ವಯಸ್ಸಿನ ಮರಿಗಳನ್ನು ಕತ್ತಲಲ್ಲಿ ಸೇರಿಸಿದರೆ ಬೆಳಗಾಗುವಷ್ಟರಲ್ಲಿ ತಾಯಿ ಸಾಮಾನ್ಯವಾಗಿ ತನ್ನವೆಂದೇ ಒಪ್ಪಿಕೊಂಡಿರುತ್ತದೆ.