ಮೂರು ಮೆಟ್ಟಿಲಿಗೆ ಇಪ್ಪತ್ತೊಂದು ಅಡಿ

ನಗರದ ನೆಲವನ್ನು ವಾಸಕ್ಕೆ, ವ್ಯಾಪಾರಕ್ಕೆ, ಕೈಗಾರಿಕೆಗೆ ಎಂದು ವಿಂಗಡಿಸಿ, ಎಲ್ಲಿ ಏನನ್ನು ಕಟ್ಟಬಹುದು, ಎಷ್ಟು ಎತ್ತರ ಕಟ್ಟಬಹುದು, ರಸ್ತೆಯಿಂದ ಎಷ್ಟು ಅಡಿ ಜಾಗ ಬಿಡಬೇಕು ಎಂದು ಗೊತ್ತುಪಡಿಸುವ ಕಟ್ಟಳೆಗಳಿಗೆ ವಲಯ ನಿಯಮಗಳೆಂದು ಹೆಸರು. ಅಮೆರಿಕದ ಸುಪ್ರೀಂ ಕೋರ್ಟು 1926ರಲ್ಲಿ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ಇವನ್ನು ಎತ್ತಿಹಿಡಿದ ಮೇಲೆ ಆ ದೇಶದುದ್ದಕ್ಕೂ ಇವು ಬೇರೂರಿದವು. ಕಾರ್ಖಾನೆಯ ಹೊಗೆ ಮನೆಯಂಗಳಕ್ಕೆ ನುಗ್ಗದಂತೆ ತಡೆದದ್ದು ಈ ನಿಯಮಗಳ ನಿಜವಾದ ಉಪಕಾರವೇ ಹೌದಾದರೂ, ಬರೆದವರ ಕಣ್ಣ ಮುಂದಿದ್ದ ನಿವಾಸಿ ಮೆಟ್ಟಿಲೇರಬಲ್ಲವನು, ಸ್ವಂತ ಸಂಸಾರದೊಡನೆ ಬಾಳುವವನು ಆಗಿದ್ದರಿಂದ, ಆ ಅಳತೆಗೆ ಒಗ್ಗದವರ ಪಾಲಿಗೆ ಅದೇ ನಿಯಮ ಅಡ್ಡಗೋಡೆಯಾಯಿತು.

ಮನೆಯ ಮುಂದಿನ 3 ಮೆಟ್ಟಿಲುಗಳನ್ನೇ ತೆಗೆದುಕೊಳ್ಳಬಹುದು. ಒಂದೊಂದು ಮೆಟ್ಟಿಲು 7 ಅಂಗುಲವಿದ್ದರೆ ಹೊಸ್ತಿಲು ನೆಲದಿಂದ 21 ಅಂಗುಲ ಮೇಲಿರುತ್ತದೆ; ಗಾಲಿಕುರ್ಚಿಗೆ ಬೇಕಾದ ರ್‍ಯಾಂಪನ್ನು, ಅಂದರೆ ಇಳಿಜಾರು ಹಾದಿಯನ್ನು, 1 ಅಂಗುಲ ಏರಿಗೆ 12 ಅಂಗುಲ ಉದ್ದ ಎಂಬ ರೂಢಿಯ ಮಾನದಂಡದಲ್ಲಿ ಕಟ್ಟಿದರೆ ಅದರ ಉದ್ದ 21 ಅಡಿಯಾಗುತ್ತದೆ; ಕುರ್ಚಿ ನಿಲ್ಲಲು ಮೇಲೊಂದು ಕೆಳಗೊಂದು 5 ಅಡಿಯ ಸಮತಟ್ಟು ಜಾಗ ಸೇರಿಸಿದರೆ ಒಟ್ಟು 31 ಅಡಿ. ಮನೆಯ ಮುಂದೆ 20 ಅಡಿ ಸೆಟ್‌ಬ್ಯಾಕ್ ಬಿಡಲೇಬೇಕು, ಅಲ್ಲಿ ಏನನ್ನೂ ಕಟ್ಟಕೂಡದು ಎಂಬ ನಿಯಮವಿರುವ ಬೀದಿಯಲ್ಲಿ, ಆ ಹಾದಿಯನ್ನು ಹೇಗೆ ಮಡಚಿ ತಿರುಗಿಸಿದರೂ ಅದು ನಿಷಿದ್ಧ ಜಾಗಕ್ಕೆ ಚಾಚಿಕೊಳ್ಳದೆ ವಿಧಿಯಿಲ್ಲ.

ನಿಯಮದಿಂದ ರಿಯಾಯಿತಿ ಪಡೆಯುವ ಹಳೆಯ ದಾರಿಯೊಂದು ಮೊದಲಿನಿಂದಲೂ ಇತ್ತು. ಆದರೆ ಆ ದಾರಿಯಲ್ಲಿ ಸಾಬೀತುಪಡಿಸಬೇಕಾದದ್ದು ನಿವೇಶನದ ತೊಡಕನ್ನು, ಅಂದರೆ ಜಾಗ ಕಡಿದಾಗಿದೆ, ಮೂಲೆ ಮುರಿದಿದೆ ಎಂಬಂಥ ಕಾರಣವನ್ನು. ನಿವೇಶನ ಚೌಕಾಕಾರವಾಗಿ ಸಮತಟ್ಟಾಗಿದ್ದು, ತೊಡಕಿರುವುದು ಅದರಲ್ಲಿ ವಾಸಿಸುವ ಮನುಷ್ಯನಿಗೆ ಎಂದಾದರೆ ಅರ್ಜಿ ಬಿದ್ದುಹೋಗುವುದೇ ಹೆಚ್ಚು. 1968ರ ವಸತಿ ನ್ಯಾಯ ಕಾಯ್ದೆಗೆ 1988ರಲ್ಲಿ ಬಂದ ತಿದ್ದುಪಡಿ ಈ ನೋಟವನ್ನೇ ತಿರುಗಿಸಿತು: ಅಂಗವೈಕಲ್ಯವುಳ್ಳವರು ಇತರರಂತೆಯೇ ಮನೆಯನ್ನು ಬಳಸಿ ಅನುಭವಿಸಲು ಅಗತ್ಯವಿರುವಾಗ ನಿಯಮ, ರೀತಿ, ಸೇವೆಗಳಲ್ಲಿ ಸಮಂಜಸ ಹೊಂದಾಣಿಕೆ ಮಾಡಿಕೊಡಲು ನಿರಾಕರಿಸುವುದೇ ತಾರತಮ್ಯ ಎಂದು ಅದು ಸಾರಿತು. ಸಮಂಜಸ ಹೊಂದಾಣಿಕೆ ಎಂದರೆ ನಿಯಮವನ್ನು ರದ್ದುಮಾಡುವುದಲ್ಲ. ಒಬ್ಬರ ಅಗತ್ಯದ ಮಟ್ಟಿಗೆ ಅದನ್ನು ಸಡಿಲಿಸುವುದು. ನಗರಕ್ಕೆ ವಿಪರೀತ ಹಣಕಾಸಿನ ಅಥವಾ ಆಡಳಿತದ ಹೊರೆ ಬೀಳುವುದಾದರೆ, ಇಲ್ಲವೇ ವಲಯ ಯೋಜನೆಯ ಮೂಲ ಸ್ವರೂಪವೇ ಕೆಡುವುದಾದರೆ ಅದು ನಿರಾಕರಿಸಬಹುದು. 21 ಅಡಿಯ ರ್‍ಯಾಂಪಿನಿಂದ ಯಾವ ಬಡಾವಣೆಯ ಸ್ವರೂಪವೂ ಕೆಡುವುದಿಲ್ಲ.

ಈ ತಿದ್ದುಪಡಿಗೆ 3 ವರ್ಷ ಮೊದಲು, 1985ರಲ್ಲಿ, ಟೆಕ್ಸಸ್‌ನ ಕ್ಲೀಬರ್ನ್ ಪಟ್ಟಣದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿತ್ತು. ಬುದ್ಧಿಮಾಂದ್ಯವುಳ್ಳ 13 ಮಂದಿ ಮೇಲ್ವಿಚಾರಕರ ನೆರವಿನಲ್ಲಿ ಒಟ್ಟಾಗಿ ವಾಸಿಸುವ ಮನೆಗೆ ಪಟ್ಟಣ ವಿಶೇಷ ಪರವಾನಗಿ ಬೇಕೆಂದಿತು, ಬಳಿಕ ಅದನ್ನೂ ನಿರಾಕರಿಸಿತು. ಅದೇ ವಲಯದಲ್ಲಿ ಅಪಾರ್ಟ್‌ಮೆಂಟಿಗಾಗಲಿ, ವಿದ್ಯಾರ್ಥಿಗಳ ವಸತಿಗೃಹಕ್ಕಾಗಲಿ, ವೃದ್ಧರ ಶುಶ್ರೂಷಾಲಯಕ್ಕಾಗಲಿ ಅಂಥ ಪರವಾನಗಿ ಬೇಕಿರಲಿಲ್ಲ. ಎದುರಿಗಿರುವ ಶಾಲೆಯ ಮಕ್ಕಳು ಕಾಟ ಕೊಟ್ಟಾರು ಎಂಬುದು ಪಟ್ಟಣ ಮುಂದಿಟ್ಟ ಕಾರಣಗಳಲ್ಲೊಂದು. ಆದರೆ ಅದೇ ಶಾಲೆಯಲ್ಲಿ ಬುದ್ಧಿಮಾಂದ್ಯವುಳ್ಳ ಸುಮಾರು 30 ಮಕ್ಕಳು ಆಗಲೇ ಓದುತ್ತಿದ್ದರು. ನೆರೆಹೊರೆಯವರ ಅಳುಕು ನಿರಾಕರಣೆಗೆ ಕಾರಣವಾಗಲಾರದೆಂದು ಹೇಳಿ ನ್ಯಾಯಾಲಯವು ಪಟ್ಟಣದ ಕ್ರಮವನ್ನು ಸಂವಿಧಾನದ ಸಮಾನತೆಯ ನೆಲೆಯಲ್ಲಿ ತಳ್ಳಿಹಾಕಿತು. ವಾಷಿಂಗ್ಟನ್ ರಾಜ್ಯದ ಎಡ್ಮಂಡ್ಸ್ ನಗರದ ಪ್ರಕರಣದಲ್ಲಿ ವಿವಾದಕ್ಕೆ ಸಿಕ್ಕಿದ್ದು ‘ಕುಟುಂಬ’ ಎಂಬ ಪದ: ರಕ್ತಸಂಬಂಧವಾಗಲಿ ಮದುವೆಯಾಗಲಿ ದತ್ತಕವಾಗಲಿ ಇಲ್ಲದವರು ಒಂದೇ ಮನೆಯಲ್ಲಿ 5 ಮಂದಿಗಿಂತ ಹೆಚ್ಚಿರಕೂಡದೆಂದು ನಗರದ ನಿಯಮವಿದ್ದಾಗ, ಮದ್ಯ ಮತ್ತು ಮಾದಕ ವ್ಯಸನದಿಂದ ಚೇತರಿಸಿಕೊಳ್ಳುತ್ತಿದ್ದ 10–12 ಮಂದಿಯ ಮನೆಯೊಂದು ಹೊಂದಾಣಿಕೆ ಕೋರಿತ್ತು. ಇಂಥ ಕುಟುಂಬ ನಿಯಮವು ವಸತಿ ಕಾಯ್ದೆಯ ಹಿಡಿತದಿಂದ ಹೊರಗಿರಲಾರದೆಂದು 1995ರಲ್ಲಿ ಸುಪ್ರೀಂ ಕೋರ್ಟು 6–3ರ ಬಹುಮತದಿಂದ ತೀರ್ಪಿತ್ತಿತು.

ಹಕ್ಕು ಕಾಗದದ ಮೇಲಿದ್ದರೂ ಅದನ್ನು ಕೇಳುವ ಬಗೆಯೇ ಒಂದು ಶಿಕ್ಷೆಯಾಗಬಹುದು. ಬಹಿರಂಗ ವಿಚಾರಣೆಯಲ್ಲಿ ನೆರೆಯವರೆಲ್ಲರ ಎದುರು ತನ್ನ ರೋಗವನ್ನು ಬಿಡಿಸಿ ಹೇಳಬೇಕಾಗಿ ಬಂದ ಮನುಷ್ಯ ಹೊಸ್ತಿಲೊಳಗೇ ಉಳಿದುಬಿಡುವುದು ಸಹಜ. ಇದನ್ನರಿತ ಕ್ಯಾಲಿಫೋರ್ನಿಯಾದ ಅನೇಕ ನಗರಗಳು, ಯಾವ ನಿಯಮ ಅಡ್ಡಬಂದಿದೆ, ಎಷ್ಟು ಸಡಿಲಿಕೆ ಏಕೆ ಬೇಕು ಎಂಬಷ್ಟನ್ನೇ ಕೇಳುವ ಸರಳ ಅರ್ಜಿಯನ್ನಿಟ್ಟು, ಯೋಜನಾಧಿಕಾರಿಯೇ ತೀರ್ಮಾನಿಸುವ ವ್ಯವಸ್ಥೆ ಮಾಡಿಕೊಂಡಿವೆ. ಅಗತ್ಯ ತೀರಿದ ಮೇಲೆ ರ್‍ಯಾಂಪನ್ನು ತೆಗೆಯಬೇಕೆಂಬ ಷರತ್ತೂ ಕೆಲವೆಡೆ ಇದೆ. ಸಡಿಲಿಕೆ ಕೊಟ್ಟದ್ದು ಜಾಗಕ್ಕಲ್ಲ, ಅಲ್ಲಿ ವಾಸಿಸುವವರಿಗೆ ಎಂಬ ತತ್ವಕ್ಕೆ ಅದು ಒಪ್ಪುವಂತಿದೆ.

ಭಾರತದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಸಮಂಜಸ ಹೊಂದಾಣಿಕೆಯನ್ನು ವ್ಯಾಖ್ಯಾನಿಸಿ, ಅದನ್ನು ನಿರಾಕರಿಸುವುದನ್ನು ತಾರತಮ್ಯದ ವ್ಯಾಖ್ಯೆಯೊಳಗೇ ಸೇರಿಸಿದೆ. ಸೆಟ್‌ಬ್ಯಾಕ್ ಎಂಬ ಮಾತು ಬೆಂಗಳೂರಿನಲ್ಲೂ ಹುಬ್ಬಳ್ಳಿಯಲ್ಲೂ ಮನೆ ಕಟ್ಟಿಸುವವರಿಗೆಲ್ಲ ಗೊತ್ತಿರುವಂಥದೇ ಆದ್ದರಿಂದ, 21 ಅಂಗುಲದ ಹೊಸ್ತಿಲು ಮತ್ತು 21 ಅಡಿಯ ಹಾದಿಯ ಈ ಲೆಕ್ಕ ಇಲ್ಲಿನ ಪಾಲಿಕೆಗಳ ನಗರ ಯೋಜನಾ ವಿಭಾಗದ ಮೇಜಿಗೂ ಬರಬೇಕಾದದ್ದೇ.